ಒಳಜೇಬು

ಕಾಜಾ ಹಾಕುವವನಿಗೆ ಕಾಜಾ ಮೊಹಿದೀನ್ ಅಂತಲೇ ಹೆಸರಿಟ್ಟ ನಮ್ಮಪ್ಪ,
ದೂರದೃಷ್ಟಿಯವನು.
ಸಾಲಿಗ್ರಾಮಂನ ಈ ಓಣಿಯಲ್ಲಿ ನಲವತ್ತೊಂದು ವರ್ಷದಿಂದ
ಸಿನಿಮಾದವರ ಬಟ್ಟೆ ಹೊಲಿಯುತ್ತೇನೆ.
ಮುಖ ಅಷ್ಟಾಗಿ ನೆನಪಿರುವುದಿಲ್ಲ. ಅಳತೆ ಮರೆಯುವುದಿಲ್ಲ.

ಈ ಪುಸ್ತಕ ನೋಡಿ, ರಟ್ಟು ಕಿತ್ತಿದೆ, ಒಂದು ಮೂಲೆ ಗೆದ್ದಲಿನದು.
‘ವನಮಾಲಿನಿ. ಎದೆ ಮೂವತ್ತೆರಡು. ತೋಳು ಎಂಟು.
ನಾಯಕಿ. ಗುಲಾಬಿ ಸ್ಯಾಟಿನ್. ತೆಲುಗು ಕಂಪನಿ. ಬಾಕಿ ನೂರಾ ಹತ್ತು.’
ಬಾಕಿ ಇನ್ನೂ ಬಂದಿಲ್ಲ.
ಹೆಸರೂ ಆ ಕಂಪನಿಯವರೇ ಇಟ್ಟದ್ದು. ಆಲಪ್ಪುಳದಿಂದ ಬಂದಾಗ
ಆಕೆ ಕೊಚ್ಚುತ್ರೇಸ್ಯಾ,
ತೆಂಗಿನ ನಾರು ಹೊಸೆಯುವವನ ಮೂರನೇ ಮಗಳು.

ಮೊದಲ ದಿನವೇ ತಮಿಳನ್ನು ಮಲಯಾಳದಲ್ಲಿ ಅದ್ದಿ ಕೇಳಿದಳು:
‘ಅಣ್ಣಾ, ಎಡಗಡೆ ಒಳಗೊಂದು ಜೇಬು ಇಡ್ತೀರಾ? ಎರಡು ಬೆರಳಷ್ಟು.’
ಯಾಕೆ ಅಂತ ಟೈಲರ್ ಕೇಳಬಾರದು.
ಟ್ರಯಲ್ಲಿನ ದಿನ ಕಂಡಿತು,
ಅವಳಮ್ಮನ ಜಪಸರ, ಸವೆದ ಕಪ್ಪು ಮಣಿ, ಅಷ್ಟೇ ಸವೆದ ಶಿಲುಬೆ.

ಅಲ್ಲಿಂದ ಎಲ್ಲದಕ್ಕೂ ಜೇಬು.
ಹಾವಾಡಿಗಿತ್ತಿಯ ಚಿಂದಿಗೆ. ವಕೀಲೆಯ ಕರಿಕೋಟಿಗೆ.
ಕುರುಡಿಯ ಪಾತ್ರ ಬಂದಾಗ ಮಾತ್ರ ಇನ್ನೊಂದು ಬೇಡಿಕೆ:
‘ಗುಂಡಿ ಒಂದು ಕಡೆ, ಕಾಜಾ ಒಂದು ಕಡೆ ಹಾಕಿ ಅಣ್ಣಾ,
ತಡವರಿಸೋದು ನಟನೆ ಆಗಬಾರದು.’
ನನ್ನ ಜನ್ಮದಲ್ಲಿ ಬೇಕಂತಲೇ ತಪ್ಪು ಹೊಲಿದದ್ದು ಅದೊಂದೇ.
ಪ್ರಶಸ್ತಿ ಬಂತು. ಆಕೆಗೆ.

ಆಮೇಲೆ ಅಮ್ಮನ್ ಚಿತ್ರ.
ಹಳದಿ ಸೀರೆ, ಬೇವಿನ ಸೊಪ್ಪು, ಎಂಟು ಕೈ.
ಲೈಟಿನ ಹುಡುಗರ ಹೆಂಡಿರು ಜ್ವರದ ಮಕ್ಕಳನ್ನು ತಂದು
ಕಾಲಡಿ ಮಲಗಿಸಿದರು. ತಲೆ ಮುಟ್ಟು ತಾಯಿ ಅಂದರು.
ಎಂಟರಲ್ಲಿ ಆರು ಫೈಬರ್ ಕೈ, ಉಳಿದೆರಡರಲ್ಲಿ ಕತ್ತಿ, ತ್ರಿಶೂಲ.
ಆಕೆಯ ಕಣ್ಣು ಮೆಲ್ಲಗೆ ನನ್ನ ಕಡೆ ಹೊರಳಿತು.
ರವಿಕೆಯ ಎಡಗಡೆ ಏನಿದೆ ಅಂತ
ಆ ಫ್ಲೋರಿನಲ್ಲಿ ಇಬ್ಬರಿಗೇ ಗೊತ್ತು.
ನಾನು ಸೂಜಿ ಬಾಯಲ್ಲಿ ಕಚ್ಚಿ ನಿಂತೆ.
ಆಕೆ ಕತ್ತಿ ಕೆಳಗಿಟ್ಟು ಒಂದೊಂದೇ ಮಗುವಿನ ತಲೆ ಮುಟ್ಟಿದಳು.
ಶಾಟ್ ಹಾಳಾಯಿತೆಂದು ಡೈರೆಕ್ಟರ್ ಬೈದ.

ಮೂವತ್ತಾರು, ಅಕ್ಕ.
ಮೂವತ್ತೆಂಟು, ತಾಯಿ. ಮಗನಾದ ನಾಯಕ
ಆಕೆಗಿಂತ ಮೂರು ವರ್ಷ ದೊಡ್ಡವನು.
ನಲವತ್ತು, ಮಂತ್ರಿ; ಖಾದಿ, ಮೊಣಕೈವರೆಗೆ ತೋಳು.
ನಲವತ್ತೆರಡು, ಧಾರಾವಾಹಿಯ ಅತ್ತೆ,
ಆರು ವರ್ಷ, ದಿನಕ್ಕೆ ಎರಡು ಜರಿ ರವಿಕೆ,
ನನ್ನ ಕಿರಿಯ ಮಗಳ ಮದುವೆ ಆ ಅತ್ತೆಯಿಂದಲೇ ಆಯಿತು.

ಇಲ್ಲಿ ನೋಡಿ, ಒಂದು ಪುಟ ಬರೀ ಖಾಲಿ.

ಆಮೇಲೆ ಮೂವತ್ತನಾಲ್ಕು. ಮಗಳ ವಯಸ್ಸಿನ ಅಳತೆ.
ತಲೆಗೆ ವಸ್ತ್ರ ಸುತ್ತಿ ಬಂದು ಸ್ಟೂಲಿನ ಮೇಲೆ ಕೂತು,
‘ಎಡಗಡೆ ಹತ್ತಿ ತುಂಬಿ ಹೊಲಿಯಿರಿ. ಜೇಬು ಬಲಕ್ಕೆ’ ಅಂದಳು.
ಟೇಪು ನನ್ನ ಕೈಯಲ್ಲಿ ಸ್ವಲ್ಪ ಹೊತ್ತು ಸುಮ್ಮನಿತ್ತು.
ಆ ರವಿಕೆಯಲ್ಲೇ ಸೈಕಲ್ ಕದಿಯುವ ಅಜ್ಜಿಯಾದಳು.
ಥಿಯೇಟರಿನಲ್ಲಿ ಜನ ಹೊಟ್ಟೆ ಹಿಡಿದು ನಕ್ಕರು, ನಾನೂ ನಕ್ಕೆ,
ಕಣ್ಣು ಮಾತ್ರ ಹೊಲಿಗೆಯ ಮೇಲಿತ್ತು.

ಮೊನ್ನೆ ಗುರುವಾರ ಬಂದಳು, ಮೂರು ಗಜ ಬಿಳಿ ಮಲ್ಲು ಹಿಡಿದು.
‘ಚಟ್ಟ ಹೊಲಿಯಬೇಕು. ನಮ್ಮ ಕಡೆ ಹಿಂದೆ ಅಮ್ಮಂದಿರು ಹಾಕುತ್ತಿದ್ದ ಅಂಗಿ.’
ಕಂಪನಿ ಯಾವುದು ಅಂದೆ.
‘ಕಂಪನಿ ಇಲ್ಲ.’
ನನಗೆ ಅದು ಬಾರದು. ಆಕೆಯೇ ಚಾಕ್ ತೆಗೆದುಕೊಂಡು
ಮೇಜಿನ ಮೇಲೆ ಬಗ್ಗಿ ಗೆರೆ ಎಳೆದಳು,
ಕುತ್ತಿಗೆ ಇಲ್ಲಿ, ತೋಳು ಹೀಗೆ ಅಗಲ.
ನಾಲ್ಕು ಭಾಷೆ, ಇನ್ನೂರ ಚಿಲ್ಲರೆ ಚಿತ್ರ,
ಇದನ್ನು ಮಾತ್ರ ಯಾರೂ ತೊಡಿಸಲಿಲ್ಲವಂತೆ.
ಜೇಬು ಬೇಕಾ ಅಂದೆ.
ಯೋಚಿಸಿದಳು. ‘ಇರಲಿ. ಅಭ್ಯಾಸ.’

ಹೊರಗೆ ಆಟೋದವನು ಗುರುತು ಹಿಡಿದ.
‘ಆ ಸೊಸೆ ಹುಡುಗಿಗೆ ಹಾಲಲ್ಲಿ ಯಾಕಮ್ಮ ಹಾಗೆ ಮಾಡಿದ್ರಿ?
ಇನ್ನೂರು ಆಗುತ್ತೆ.’
ಆಕೆ ತಿರುಗಿದಳು. ಎಡ ಹುಬ್ಬು ಒಂದಿಷ್ಟೇ ಮೇಲೆ,
ಆರು ವರ್ಷದ ಆ ದನಿ:
‘ನೂರಾ ಇಪ್ಪತ್ತು.’
ಅವನು ಮಾತಿಲ್ಲದೆ ಮೀಟರ್ ಕೂಡ ಹಾಕಿದ.